ಕಾಣದ ಹ್ಯಾಕರ್, ಕಣ್ಣೆದುರಿನ ಸಡಿಲ ಸಾಕೆಟ್ಟು

ಪ್ರಯಾಣದಲ್ಲಿ ಸಿಗುವ ಸಾರ್ವಜನಿಕ ಸಾಕೆಟ್ಟಿಗೆ ಫೋನನ್ನಾಗಲಿ ಟ್ಯಾಬನ್ನಾಗಲಿ ಸಿಕ್ಕಿಸಬೇಡಿ ಎಂಬ ಬುದ್ಧಿವಾದ ಈಗ ಮನೆಮಾತಾಗಿದೆ. ಬ್ಯಾಂಕಿನ ಸಂದೇಶದಲ್ಲಿ ಅದು ಬರುತ್ತದೆ, ಪೊಲೀಸರ ಪ್ರಕಟಣೆಯಲ್ಲಿ ಬರುತ್ತದೆ, ಮನೆಯವರ ವಾಟ್ಸ್ಆ್ಯಪ್ ಗುಂಪಿನಲ್ಲಿ ಆಗಾಗ ತಿರುಗಿ ಬರುತ್ತದೆ. ಪರೀಕ್ಷೆಗೆಂದು ಪರ ಊರಿಗೆ ಹೊರಟ ಮಗಳಿಗೆ ತಾಯಿ, "ಹೊತ್ತಿಗೆ ಸರಿಯಾಗಿ ಊಟ ಮಾಡು, ಯಾರಾದ್ರೂ ಕೊಟ್ಟಿದ್ದು ತಿನ್ಬೇಡ, ಬಸ್ ಸ್ಟ್ಯಾಂಡಲ್ಲಿ ಮಾತ್ರ ಚಾರ್ಜಿಗೆ ಹಾಕ್ಬೇಡ ಮಾರಾಯ್ತಿ" ಎಂದು ಒಂದೇ ಉಸಿರಿನಲ್ಲಿ ಹೇಳುವಷ್ಟು ಅದು ಬೇರೂರಿದೆ. ಚಾರ್ಜಿಗೆ ಹಾಕಿದ ಕೂಡಲೇ ಫೋಟೋ, ಪಾಸ್‌ವರ್ಡ್, ಬ್ಯಾಂಕಿನ ದುಡ್ಡು ಎಲ್ಲವೂ ತಂತಿಯೊಳಗಿಂದ ಹರಿದುಹೋಗುತ್ತವೆ ಎಂಬ ಚಿತ್ರ ಜನರ ಮನಸ್ಸಿನಲ್ಲಿದೆ. ಇದಕ್ಕೊಂದು ಹೆಸರೂ ಇದೆ: ಜ್ಯೂಸ್ ಜ್ಯಾಕಿಂಗ್.

ಈ ಬುದ್ಧಿವಾದವನ್ನು ಒಪ್ಪಲು ನನಗೆ ಸಾಧ್ಯವಾಗುತ್ತಿಲ್ಲ. ಇದರ ಹಿಂದೆ ಕೆಟ್ಟ ಉದ್ದೇಶವಿದೆ ಎಂದು ನಾನು ಹೇಳುತ್ತಿಲ್ಲ. ಆದರೆ ಇದು ಎರಡು ಬೇರೆ ಬೇರೆ ವಸ್ತುಗಳನ್ನು ಒಂದೇ ಎಂದು ತಿಳಿದು ಹುಟ್ಟಿದ ಮಾತು. ಹೆಚ್ಚು ಕಾಡುವ ಸಂಗತಿ ಇನ್ನೊಂದಿದೆ. ನಮ್ಮ ನಿಲ್ದಾಣಗಳ ಸಾಕೆಟ್ಟುಗಳಲ್ಲಿ ಇರುವ ನಿಜವಾದ ಅಪಾಯಗಳನ್ನು ಈ ಭಯ ಮರೆಮಾಡಿದೆ. ಆ ಅಪಾಯಗಳಿಗೆ ಹೊಣೆಗಾರರು ಇದ್ದಾರೆ. ಕಾಣದ ಹ್ಯಾಕರನ ಕಡೆ ಎಲ್ಲರೂ ಬೆರಳು ತೋರಿಸುತ್ತಿರುವಾಗ ಆ ಹೊಣೆಗಾರರನ್ನು ಕೇಳುವವರೇ ಇಲ್ಲ.

ಭಯದ ಮೂಲದಿಂದಲೇ ಶುರುಮಾಡೋಣ. 2011ರ ಆಗಸ್ಟ್‌ನಲ್ಲಿ ಅಮೆರಿಕದ ಲಾಸ್ ವೇಗಸ್‌ನಲ್ಲಿ ಡೆಫ್‌ಕಾನ್ ಎಂಬ ಹ್ಯಾಕರುಗಳ ಸಮ್ಮೇಳನ ನಡೆಯಿತು. ಅಲ್ಲಿ ಭದ್ರತಾ ತಜ್ಞರ ಒಂದು ತಂಡ ಉಚಿತ ಚಾರ್ಜಿಂಗ್ ಪೆಟ್ಟಿಗೆಯೊಂದನ್ನು ಇಟ್ಟಿತು. ಯಾರಾದರೂ ಫೋನ್ ಸಿಕ್ಕಿಸಿದರೆ ಪೆಟ್ಟಿಗೆಯ ತೆರೆ ಕೆಂಪಾಗಿ, ಗೊತ್ತಿಲ್ಲದ ಪೋರ್ಟನ್ನು ಹೀಗೆ ನಂಬಬಾರದು ಎಂದು ಎಚ್ಚರಿಸುತ್ತಿತ್ತು. ಹ್ಯಾಕರುಗಳ ಸಭೆಯಲ್ಲೇ 360ಕ್ಕೂ ಹೆಚ್ಚು ಜನ ಸಿಕ್ಕಿಸಿದರು. ಅದನ್ನು ವರದಿ ಮಾಡಿದ ಪತ್ರಕರ್ತ ಬ್ರಯಾನ್ ಕ್ರೆಬ್ಸ್ ಬರಹದಿಂದಲೇ ಜ್ಯೂಸ್ ಜ್ಯಾಕಿಂಗ್ ಎಂಬ ಹೆಸರು ಹಬ್ಬಿತು. ಎರಡು ವರ್ಷದ ನಂತರ, 2013ರಲ್ಲಿ, ಜಾರ್ಜಿಯಾ ಟೆಕ್ ಸಂಶೋಧಕರು ಮ್ಯಾಕ್‌ಟನ್ಸ್ ಎಂಬ ನಕಲಿ ಚಾರ್ಜರ್ ಕಟ್ಟಿ, ಆಗಿನ ಐಫೋನಿನೊಳಕ್ಕೆ ಒಂದು ನಿಮಿಷದೊಳಗೆ ಕಳ್ಳ ಆ್ಯಪ್ ತೂರಿಸಿ ತೋರಿಸಿದರು. ಎರಡೂ ನಿಜವಾದ ಪ್ರಯೋಗಗಳು. ಆ ಕಾಲದ ಸಾಧನಗಳು ಯುಎಸ್‌ಬಿ ಕೇಬಲ್ಲಿನ ಆಚೆ ತುದಿಯಲ್ಲಿ ಯಾರಿದ್ದಾರೆಂದು ಕೇಳದೆ ಬಾಗಿಲು ತೆರೆಯುತ್ತಿದ್ದುದೂ ನಿಜ.

ಆಮೇಲೆ ಏನಾಯಿತು ಎಂಬ ಭಾಗ ಮಾತ್ರ ನಮ್ಮ ಎಚ್ಚರಿಕೆಗಳಲ್ಲಿ ಕಾಣುವುದೇ ಇಲ್ಲ. 2013ರಲ್ಲೇ ಐಓಎಸ್ 7 ಬಂದಾಗ, ಕಂಪ್ಯೂಟರಿಗೆ ಜೋಡಿಸಿದರೆ ಇದನ್ನು ನಂಬಬಹುದೇ ಎಂದು ಬಳಕೆದಾರರನ್ನು ಕೇಳುವ ವ್ಯವಸ್ಥೆ ಬಂತು. 2015ರ ಆಂಡ್ರಾಯ್ಡ್ 6ರಿಂದ ಕೇಬಲ್ ಸಿಕ್ಕಿಸಿದರೆ ಮೊದಲು ಆಗುವುದು ಚಾರ್ಜ್ ಮಾತ್ರ. ಫೈಲು ಕೊಡಬೇಕಾದರೆ ನಾವೇ ತೆರೆಯ ಮೇಲೆ ಒತ್ತಬೇಕು. 2018ರಲ್ಲಿ ಆ್ಯಪಲ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಬೀಗ ಹಾಕಿ ಒಂದು ಗಂಟೆ ಕಳೆದ ಸಾಧನದ ದತ್ತಾಂಶದ ದಾರಿಯನ್ನೇ ಮುಚ್ಚಿತು. ಎಂದರೆ 2011ರ ಪೆಟ್ಟಿಗೆ ಎಚ್ಚರಿಸಿದ ಊರಿಗೆ ಆಮೇಲೆ ಕೋಟೆ ಕಟ್ಟಿಯಾಯಿತು, ಬಾಗಿಲಿಗೆ ಕಾವಲೂ ಬಂತು. ಡಂಗುರ ಮಾತ್ರ ಹಳೆಯದೇ ಸಾರುತ್ತಿದೆ.

2019ರ ನವೆಂಬರಿನಲ್ಲಿ ಲಾಸ್ ಏಂಜಲೀಸ್ ಕೌಂಟಿಯ ಸರ್ಕಾರಿ ವಕೀಲರ ಕಚೇರಿ ಪ್ರಯಾಣಿಕರಿಗೆ ಎಚ್ಚರಿಕೆ ಕೊಟ್ಟಿತು. ಎಷ್ಟು ಪ್ರಕರಣ ದಾಖಲಾಗಿವೆ ಎಂದು ಪತ್ರಕರ್ತರು ಕೇಳಿದಾಗ ಆ ಕಚೇರಿಯ ಕಡತದಲ್ಲಿ ಒಂದೂ ಇರಲಿಲ್ಲ. ಮುಂದಿನ ತಿಂಗಳೇ ನಮ್ಮ ಸ್ಟೇಟ್ ಬ್ಯಾಂಕ್ ಟ್ವಿಟರಿನಲ್ಲಿ ಅದೇ ಎಚ್ಚರಿಕೆ ಹಾಕಿತು. 2022ರ ಮಾರ್ಚ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊರತಂದ ವಂಚನೆಗಳ ಕುರಿತ ಕಿರುಪುಸ್ತಕದಲ್ಲಿ ಜ್ಯೂಸ್ ಜ್ಯಾಕಿಂಗ್‌ಗೂ ಒಂದು ಜಾಗ ಸಿಕ್ಕಿತು. 2023ರ ಏಪ್ರಿಲ್‌ನಲ್ಲಿ ಎಫ್‌ಬಿಐನ ಡೆನ್ವರ್ ಕಚೇರಿ ಮತ್ತೆ ಟ್ವೀಟ್ ಮಾಡಿದಾಗ ಜಗತ್ತಿನ ಸುದ್ದಿಮನೆಗಳೆಲ್ಲ ಅದನ್ನು ಎತ್ತಿಕೊಂಡವು. ವಿಚಾರಿಸಿದವರಿಗೆ ಸಿಕ್ಕ ಉತ್ತರ, ಅದು ವಾಡಿಕೆಯ ಜಾಗೃತಿ ಸಂದೇಶ, ನಿರ್ದಿಷ್ಟ ಘಟನೆಯೊಂದರಿಂದ ಹುಟ್ಟಿದ್ದಲ್ಲ ಎಂದು. ಅಮೆರಿಕದ ಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿ ತನ್ನ ಪುಟದಲ್ಲಿ, ತಾಂತ್ರಿಕವಾಗಿ ಇದು ಸಾಧ್ಯವೆಂದು ತೋರಿಸಲಾಗಿದೆ, ಆದರೆ ನಿಜವಾಗಿ ನಡೆದ, ಖಚಿತಪಟ್ಟ ಪ್ರಕರಣ ತನ್ನ ಗಮನಕ್ಕೆ ಬಂದಿಲ್ಲ ಎಂದು ಬರೆಯಿತು. ಒಬ್ಬರ ಎಚ್ಚರಿಕೆ ಇನ್ನೊಬ್ಬರಿಗೆ ಆಧಾರ, ಅವರದು ಮತ್ತೊಬ್ಬರಿಗೆ. ಈ ಸರಪಳಿಯ ಬುಡದಲ್ಲಿ ಇರುವುದು ಪ್ರಯೋಗಗಳೇ ಹೊರತು ದುಡ್ಡು ಕಳೆದುಕೊಂಡ ಪ್ರಯಾಣಿಕನಲ್ಲ.

ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ಡೆನ್ವರ್ ಕಚೇರಿಯ ಆ ಸಂದೇಶ ಸಾರ್ವಜನಿಕ ಯುಎಸ್‌ಬಿ ಪೋರ್ಟ್ ಬಿಡಿ ಎಂದು ಹೇಳಿ ಅಲ್ಲಿಗೇ ನಿಲ್ಲಲಿಲ್ಲ. ನಿಮ್ಮದೇ ಚಾರ್ಜರ್, ನಿಮ್ಮದೇ ಕೇಬಲ್ ಒಯ್ದು ಗೋಡೆಯ ವಿದ್ಯುತ್ ಸಾಕೆಟ್ ಬಳಸಿ ಎಂದೂ ಹೇಳಿತ್ತು. ಗೋಡೆಯ ಸಾಕೆಟ್ ಅವರ ಲೆಕ್ಕದಲ್ಲಿ ಪರಿಹಾರ. ನಮ್ಮಲ್ಲಿಗೆ ಬರುವಷ್ಟರಲ್ಲಿ ಆ ಅರ್ಧ ಉದುರಿಹೋಗಿ, ಹೊರಗೆಲ್ಲೂ ಚಾರ್ಜ್ ಮಾಡಲೇಬಾರದು ಎಂಬುದಷ್ಟೇ ಉಳಿಯಿತು.

ಈ ವ್ಯತ್ಯಾಸ ತಿಳಿಯಲು ಎಂಜಿನಿಯರ್ ಆಗಬೇಕಿಲ್ಲ. ಸಾಮಾನ್ಯ ಯುಎಸ್‌ಬಿ ಕೇಬಲ್ಲಿನೊಳಗೆ ನಾಲ್ಕು ತಂತಿಗಳಿರುತ್ತವೆ. ಎರಡು ಕರೆಂಟ್ ಒಯ್ಯುತ್ತವೆ, ಎರಡು ಮಾಹಿತಿ ಒಯ್ಯುತ್ತವೆ. ಗೋಡೆಯ ಯುಎಸ್‌ಬಿ ರಂಧ್ರದ ಹಿಂದೆ ಬರೀ ಚಾರ್ಜರ್ ಇದೆಯೋ ಕಂಪ್ಯೂಟರ್ ಇದೆಯೋ ಹೊರಗಿನಿಂದ ಗೊತ್ತಾಗದು. ಭಯಕ್ಕೆ ಇರುವ ಆಧಾರ ಇಷ್ಟೇ. ಮೂರು ತೂತಿನ ಮಾಮೂಲಿ ಸಾಕೆಟ್ಟಿನ ಹಿಂದೆ ಇರುವುದು ಫೇಸ್, ನ್ಯೂಟ್ರಲ್, ಅರ್ಥ್. ಅಲ್ಲಿ ನಿಮ್ಮ ಸ್ವಂತ ಚಾರ್ಜರ್ ಸಿಕ್ಕಿಸಿದರೆ ಅದರೊಳಗಿನ ಟ್ರಾನ್ಸ್‌ಫಾರ್ಮರ್ ಹೊರಗಿನ ಕರೆಂಟನ್ನೂ ನಿಮ್ಮ ಟ್ಯಾಬನ್ನೂ ಬೇರ್ಪಡಿಸಿ ನಿಲ್ಲುತ್ತದೆ. ಟ್ಯಾಬಿನ ಮಾಹಿತಿ ತಂತಿಗಳು ಆ ಚಾರ್ಜರಿನಲ್ಲೇ ಮುಗಿಯುತ್ತವೆ, ಅದರಾಚೆ ಹೋಗಲು ಅವಕ್ಕೆ ದಾರಿಯಿಲ್ಲ. ಆದ್ದರಿಂದ ಬಸ್ ನಿಲ್ದಾಣದ ಗೋಡೆಯ ಸಾಕೆಟ್ಟಿಗೆ ಸ್ವಂತ ಚಾರ್ಜರ್ ಸಿಕ್ಕಿಸಿದವರ ಫೋಟೋ ಕಳುವಾಗುತ್ತದೆ ಎಂಬ ಮಾತಿಗೆ ತಲೆಯೂ ಇಲ್ಲ, ಬುಡವೂ ಇಲ್ಲ.

ಟ್ಯಾಬ್ ಒಯ್ಯುವವರಿಗಂತೂ ಯುಎಸ್‌ಬಿ ರಂಧ್ರದ ಚರ್ಚೆ ಬಹುಮಟ್ಟಿಗೆ ಅಪ್ರಸ್ತುತ. ಹಳೆಯ ಮಾದರಿಯ ಯುಎಸ್‌ಬಿ ಪೋರ್ಟ್ ಕೊಡುವುದು 5 ವೋಲ್ಟ್, ಅರ್ಧ ಆಂಪಿಯರ್, ಎಂದರೆ 2.5 ವ್ಯಾಟ್. ಹತ್ತನೆಯ ತಲೆಮಾರಿನ ಐಪ್ಯಾಡಿನ ಬ್ಯಾಟರಿ 28.6 ವ್ಯಾಟ್-ಅವರ್. ಪೋಲಾಗುವುದನ್ನು ಬಿಟ್ಟು ಲೆಕ್ಕ ಹಾಕಿದರೂ ಅದು ತುಂಬಲು ಹನ್ನೊಂದು ಗಂಟೆಗೂ ಹೆಚ್ಚು ಬೇಕು. ಒಂದು ಚಾರ್ಜಿಗೆ ಹತ್ತು ಗಂಟೆ ವೆಬ್ ನೋಡಬಹುದು ಎಂದು ಅದರ ಕಂಪನಿಯೇ ಹೇಳುತ್ತದೆ. ಹಾಗಿದ್ದರೆ ತೆರೆ ಉರಿಯುವಾಗ ಅದು ಹೀರುವುದು 2.9 ವ್ಯಾಟಿನ ಆಸುಪಾಸು. ಇಂಥ ರಂಧ್ರಕ್ಕೆ ಸಿಕ್ಕಿಸಿಕೊಂಡು ಪಾಠ ನೋಡುತ್ತಾ ಕೂತವರ ಬ್ಯಾಟರಿ ಏರುವ ಬದಲು ಮೆಲ್ಲಗೆ ಇಳಿಯುತ್ತದೆ. ಹೊಸ ಬಸ್ಸುಗಳ, ವಿಮಾನ ನಿಲ್ದಾಣಗಳ ಕೆಲವು ಪೋರ್ಟುಗಳು ಇದಕ್ಕಿಂತ ಹೆಚ್ಚು ಕೊಡುತ್ತವೆ, ನಿಜ. ಆದರೂ 20 ವ್ಯಾಟಿನ ಸ್ವಂತ ಚಾರ್ಜರ್ ಗೋಡೆಯ ಸಾಕೆಟ್ಟಿನಲ್ಲಿ ಮೂರು ಗಂಟೆಯೊಳಗೆ ಮಾಡಿ ಮುಗಿಸುವ ಕೆಲಸಕ್ಕೆ ಅವು ಸಾಟಿಯಲ್ಲ. ಮಾಹಿತಿ ತಂತಿ ಕತ್ತರಿಸುವ ಡೇಟಾ ಬ್ಲಾಕರ್ ಎಂಬ ಚಿಕ್ಕ ತುಂಡನ್ನು ಈ ಭಯದ ಮೇಲೆಯೇ ಮಾರುತ್ತಾರೆ. ವೇಗದ ಚಾರ್ಜಿಂಗ್‌ನ ಹಲವು ವಿಧಾನಗಳು ಅದೇ ಮಾಹಿತಿ ತಂತಿಗಳ ಮೇಲೆ ಮಾತುಕತೆ ನಡೆಸುವುದರಿಂದ, ಅದನ್ನು ಹಾಕಿದ ಮೇಲೆ ನಿಧಾನದ ಚಾರ್ಜ್ ಇನ್ನೂ ನಿಧಾನವಾಗುವುದುಂಟು. ಟ್ಯಾಬಿಗೆ ಬೇಕಾದ್ದು ಗೋಡೆಯ ಸಾಕೆಟ್. ಜನರನ್ನು ನಾವು ಹೆದರಿಸಿ ಓಡಿಸಿದ್ದು ಅಲ್ಲಿಂದಲೇ.

ಎದುರು ವಾದಕ್ಕೆ ಬಲ ಕೊಡುವ ಒಂದು ಸಂಶೋಧನೆ ಈಚೆಗೆ ಬಂದಿದೆ. ಅದನ್ನು ಮುಚ್ಚಿಟ್ಟು ವಾದ ಮಾಡುವುದು ಸರಿಯಲ್ಲ. ಆಸ್ಟ್ರಿಯಾದ ಗ್ರಾಟ್ಸ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು 2025ರಲ್ಲಿ ಚಾಯ್ಸ್‌ಜ್ಯಾಕಿಂಗ್ ಎಂಬ ದಾಳಿಯನ್ನು ತೋರಿಸಿದರು. ಕಳ್ಳ ಚಾರ್ಜರ್ ತನ್ನನ್ನು ಕೀಬೋರ್ಡ್ ಎಂದು ಪರಿಚಯಿಸಿಕೊಂಡು, ಅನುಮತಿ ಕೇಳುವ ಪ್ರಶ್ನೆಗೆ ತಾನೇ ಹೌದು ಎಂದು ಒತ್ತಿಬಿಡುತ್ತದೆ. ಎಂಟು ಕಂಪನಿಗಳ ಸಾಧನಗಳ ಮೇಲೆ ಅವರು ಪರೀಕ್ಷಿಸಿದರು. ಹತ್ತು ವರ್ಷದಿಂದ ಸಾಕು ಎಂದುಕೊಂಡಿದ್ದ ರಕ್ಷಣೆಯಲ್ಲಿ ಬಿರುಕಿತ್ತು ಎಂಬುದು ಇದರಿಂದ ಸಾಬೀತಾಯಿತು. ಆ್ಯಪಲ್ ಐಓಎಸ್ 18.4ರಲ್ಲಿ, ಗೂಗಲ್ ಆಂಡ್ರಾಯ್ಡ್ 15ರಲ್ಲಿ ಇದಕ್ಕೆ ತಡೆ ಹಾಕಿದವು. ಅನುಮತಿ ಕೊಡಲು ಈಗ ಬೆರಳಚ್ಚು, ಮುಖ ಅಥವಾ ಪಿನ್ ಬೇಕು. ಅಪ್‌ಡೇಟ್ ಸಿಗದ ಹಳೆಯ ಅಗ್ಗದ ಟ್ಯಾಬುಗಳಿಗೆ ಈ ತಡೆ ತಲುಪಿಲ್ಲ. ಅಂಥ ಟ್ಯಾಬ್ ಇರುವವರು ಗೊತ್ತಿಲ್ಲದ ಯುಎಸ್‌ಬಿ ರಂಧ್ರಕ್ಕೆ, ಯಾರೋ ಬಿಟ್ಟುಹೋದ ಕೇಬಲ್ಲಿಗೆ ಅದನ್ನು ಜೋಡಿಸದಿರುವುದೇ ಒಳ್ಳೆಯದು. ಇಷ್ಟನ್ನು ನಾನೂ ಹೇಳುತ್ತೇನೆ. ಆದರೆ ಈ ಸಂಶೋಧನೆಯೂ ಯುಎಸ್‌ಬಿ ಪೋರ್ಟಿನ ಕುರಿತದ್ದೇ. ಮೂರು ತೂತಿನ ಸಾಕೆಟ್ಟಿನ ಮೇಲೆ ಅದರಿಂದ ಯಾವ ಆರೋಪವೂ ಬರುವುದಿಲ್ಲ.

ದುಡ್ಡು ನಿಜವಾಗಿ ಎಲ್ಲಿಂದ ಹೋಗುತ್ತಿದೆ ಎಂಬುದನ್ನೂ ನೋಡಬೇಕು. 2024ರಲ್ಲಿ ದೇಶದ ಜನ ಸೈಬರ್ ವಂಚನೆಗಳಲ್ಲಿ ಕಳೆದುಕೊಂಡದ್ದು 22,845 ಕೋಟಿ ರೂಪಾಯಿ ಎಂದು ಕೇಂದ್ರ ಗೃಹ ಸಚಿವಾಲಯ ಸಂಸತ್ತಿಗೆ ತಿಳಿಸಿತು. ಪೊಲೀಸರ ವೇಷದಲ್ಲಿ ವಿಡಿಯೊ ಕರೆ ಮಾಡಿ ಡಿಜಿಟಲ್ ಅರೆಸ್ಟ್ ಎಂದು ಹೆದರಿಸುವುದು, ಷೇರಿನಲ್ಲಿ ದುಪ್ಪಟ್ಟು ಮಾಡಿಕೊಡುತ್ತೇವೆ ಎನ್ನುವುದು, ಮದುವೆ ಕಾಗದ ಎಂದು ವಾಟ್ಸ್ಆ್ಯಪಿನಲ್ಲಿ ಕಳ್ಳ ಆ್ಯಪಿನ ಎಪಿಕೆ ಫೈಲು ಕಳಿಸುವುದು, ಓಟಿಪಿ ಕೇಳುವುದು: ಸುದ್ದಿಯಲ್ಲಿ ನಾವು ದಿನಾ ಓದುವ ದಾರಿಗಳು ಇವು. ಕಳ್ಳ ಯುಎಸ್‌ಬಿ ಪೆಟ್ಟಿಗೆ ಮಾಡಿಸಿ, ನಿಲ್ದಾಣದ ಗೋಡೆಗೆ ಕೂರಿಸಿ, ಕಾವಲಿನ ಕಣ್ಣು ತಪ್ಪಿಸಿ, ಸಿಕ್ಕಿಬೀಳುವ ಅಪಾಯ ಹೊತ್ತು ಒಬ್ಬೊಬ್ಬರ ಫೋಟೋ ಕದಿಯುವ ಕಷ್ಟ ವಂಚಕನಿಗೆ ಏಕೆ ಬೇಕು? ಕೂತಲ್ಲಿಂದಲೇ ಸಾವಿರ ಜನರಿಗೆ ಒಂದು ಲಿಂಕ್ ಕಳಿಸುವುದು ಅವನಿಗೆ ಸುಲಭ. ಸಾಕೆಟ್ ಕಂಡರೆ ಕೈ ಹಿಂದೆಗೆಯುವ ಹಿರಿಯರು ಮದುವೆ ಕಾಗದದ ಎಪಿಕೆಯನ್ನು ಹಿಂದೆಮುಂದೆ ನೋಡದೆ ಒತ್ತುವುದು ನನಗೆ ಆತಂಕ ಹುಟ್ಟಿಸುತ್ತದೆ. ಜನರಿಗೆ ಇರುವ ಎಚ್ಚರದ ಶಕ್ತಿ ಒಂದು ಮಿತಿಯದು. ಅದನ್ನು ತಪ್ಪು ಜಾಗದಲ್ಲಿ ಖರ್ಚು ಮಾಡಿಸಿದರೆ ಸರಿಯಾದ ಜಾಗಕ್ಕೆ ಉಳಿಯುವುದಿಲ್ಲ.

ಸಾರ್ವಜನಿಕ ಸಾಕೆಟ್ ಬಿಟ್ಟು ಪವರ್ ಬ್ಯಾಂಕ್ ಒಯ್ಯಿರಿ ಎಂಬುದು ಇದೇ ಬುದ್ಧಿವಾದದ ಇನ್ನೊಂದು ಅರ್ಧ. ಹತ್ತು ಸಾವಿರ ಎಂಎಎಚ್‌ನ ಪವರ್ ಬ್ಯಾಂಕ್ ಒಳಗೆ ಇಟ್ಟುಕೊಳ್ಳುವುದು 37 ವ್ಯಾಟ್-ಅವರ್. ವೋಲ್ಟೇಜ್ ಏರಿಸುವಾಗ ಪೋಲಾಗುವುದನ್ನು ಕಳೆದರೆ ಮೇಲೆ ಹೇಳಿದ ಐಪ್ಯಾಡನ್ನು ಒಂದು ಸಲ ಪೂರ್ತಿ ತುಂಬುವುದೂ ಕಷ್ಟ. ಫೋನಿಗೆ ಅದು ಸಾಕು, ಟ್ಯಾಬಿಗೆ ಸಾಲದು. ಅಪಾಯದ ಮಾತಿಗೆ ಬಂದರೆ, 2025ರ ಜನವರಿ 28ರಂದು ದಕ್ಷಿಣ ಕೊರಿಯಾದ ಗಿಮ್ಹೆ ನಿಲ್ದಾಣದಲ್ಲಿ ಏರ್ ಬುಸಾನ್ ವಿಮಾನಕ್ಕೆ ಬೆಂಕಿ ಬಿತ್ತು. ತನಿಖೆ ಬೊಟ್ಟು ಮಾಡಿದ್ದು ತಲೆಮೇಲಿನ ಖಾನೆಯಲ್ಲಿದ್ದ ಪವರ್ ಬ್ಯಾಂಕಿನ ಕಡೆಗೆ. ಅದಾದ ಮೇಲೆ ಪವರ್ ಬ್ಯಾಂಕನ್ನು ಆ ಖಾನೆಯಲ್ಲಿ ಇಡಬಾರದೆಂದು ಆ ದೇಶ ನಿಯಮ ಮಾಡಿತು. ಒಳ್ಳೆಯ ಕಂಪನಿಯ ಪವರ್ ಬ್ಯಾಂಕ್ ಒಯ್ಯುವುದು ತಪ್ಪಲ್ಲ. ಆದರೆ ದಾಖಲೆಯಲ್ಲಿ ಪ್ರಕರಣವೇ ಇಲ್ಲದ ಅಪಾಯವನ್ನು ತಪ್ಪಿಸಲು, ದಾಖಲಾದ ಅಪಾಯವನ್ನು ಚೀಲದಲ್ಲಿ ಹೊತ್ತುಕೊಳ್ಳಿ ಎಂದು ಪ್ರಯಾಣಿಕರಿಗೆ ಹೇಳುತ್ತಿದ್ದೇವೆ ಎಂಬ ಅರಿವಾದರೂ ಇರಲಿ.

ಇನ್ನು ನಿಜವಾದ ಸಾಕೆಟ್ಟಿನ ಹತ್ತಿರ ಹೋಗೋಣ. ಜಿಲ್ಲಾ ಕೇಂದ್ರವೊಂದರ ಬಸ್ ನಿಲ್ದಾಣದ ನಿರೀಕ್ಷಣಾ ಕೊಠಡಿಯಲ್ಲಿ ನಾನು ಕಂಡ ಸ್ವಿಚ್ ಬೋರ್ಡು ಇದು. ನಾಲ್ಕು ಸಾಕೆಟ್ಟು, ನಾಲ್ಕು ಸ್ವಿಚ್ಚು. ಒಂದು ಸಾಕೆಟ್ಟಿನ ಮುಖ ಒಡೆದು ಒಳಗಿನ ಹಿತ್ತಾಳೆ ಕಾಣುತ್ತಿತ್ತು. ಇನ್ನೊಂದರ ಕೆಳಗಿನ ಎರಡು ತೂತಿನ ಸುತ್ತ ಬಿಳಿ ಪ್ಲಾಸ್ಟಿಕ್ಕು ಕಂದಾಗಿ, ಅಂಚು ಕರಗಿ ಒಳಕ್ಕೆ ಮಡಚಿತ್ತು. ಮೂರನೆಯದರ ಹಿಡಿತ ಎಷ್ಟು ಸಡಿಲವಾಗಿತ್ತೆಂದರೆ, ಚಾರ್ಜರ್ ತನ್ನ ಭಾರಕ್ಕೆ ತಾನೇ ಜಾರಿ ಅರ್ಧ ಹೊರಗೆ ನೇತಾಡುತ್ತಿತ್ತು. ಕಾಲೇಜು ಹುಡುಗನೊಬ್ಬ ಹಳೆಯ ಬಸ್ ಟಿಕೆಟ್ ಮಡಚಿ ಪಿನ್ನಿನ ಪಕ್ಕಕ್ಕೆ ತುರುಕಿ, ಹೆಬ್ಬೆರಳಿನಿಂದ ಒತ್ತಿ ಹಿಡಿದು ನಿಂತಿದ್ದ. ಹಿಡಿದಷ್ಟು ಹೊತ್ತು ಚಾರ್ಜ್ ಆಗುತ್ತಿತ್ತು, ಒಳಗಿನಿಂದ ಚಟಚಟ ಸದ್ದೂ ಬರುತ್ತಿತ್ತು. "ಅಣ್ಣಾ, ಆ ಕಡೇದು ಬರುತ್ತಾ?" ಎಂದು ಕೇಳಿದ. ಆ ಕಡೆಯ ನಾಲ್ಕನೆಯದಕ್ಕೆ ಕರೆಂಟೇ ಇರಲಿಲ್ಲ.

ಆ ಚಟಚಟ ಸದ್ದು ಕಿಡಿಯದು. ಸಾಕೆಟ್ಟಿನೊಳಗಿನ ಹಿತ್ತಾಳೆಯ ಹಿಡಿಕೆಗಳು ಸವೆದು ಅಗಲವಾದಾಗ ಪಿನ್ನು ತಾಗಿಯೂ ತಾಗದಂತೆ ಇರುತ್ತದೆ. ತಾಗುವ ಜಾಗ ಕಿರಿದಾದಷ್ಟೂ ಅಲ್ಲಿ ತಡೆ ಹೆಚ್ಚು, ತಡೆ ಹೆಚ್ಚಿದಷ್ಟೂ ಬಿಸಿ ಹೆಚ್ಚು, ಬಿಸಿಗೆ ಹಿತ್ತಾಳೆ ಇನ್ನಷ್ಟು ಸಡಿಲ. ಕಂದು ಬಣ್ಣದ ಆ ಕಲೆ ಇದರ ಗುರುತು. ನಮ್ಮ ಮೂರು ಪಿನ್ನಿನ ಸಾಕೆಟ್ಟಿಗೆ ತೆಳು ಎರಡು ಪಿನ್ನಿನ ಚಾರ್ಜರ್ ಸಿಕ್ಕಿಸಿದಾಗ ಹಿಡಿತ ಇನ್ನೂ ಕಡಿಮೆ. ದಿನಕ್ಕೆ ಹತ್ತಾರು ಜನ ಸಿಕ್ಕಿಸಿ ಕೀಳುವ ಸಾಕೆಟ್ಟು ಮನೆಯ ಸಾಕೆಟ್ಟಿಗಿಂತ ಬೇಗ ಸವೆಯುವುದು ಸಹಜ. ಹಾಗಾಗಿಯೇ ಅದನ್ನು ಆಗಾಗ ಬದಲಿಸಬೇಕು. ಬದಲಿಸದಿದ್ದರೆ ಹಾಳಾಗುವುದು ಟ್ಯಾಬಿನ ಮಾಹಿತಿಯಲ್ಲ, ಹುಡುಗನ ಹೆಬ್ಬೆರಳು.

ಕರೆಂಟಿನ ಹೆಚ್ಚುಕಡಿಮೆಯಿಂದ ಬ್ಯಾಟರಿ ಸುಟ್ಟುಹೋಗುತ್ತದೆ ಎಂಬ ಇನ್ನೊಂದು ನಂಬಿಕೆಯೂ ಇದೆ. ರೈಲಿನ ವಿಷಯದಲ್ಲಿ ಅದು ಬಲವಾಗಿದೆ. ರೈಲು ಬೋಗಿಯ ಚಾರ್ಜಿಂಗ್ ಸಾಕೆಟ್ಟಿನಲ್ಲಿ ಸಾಮಾನ್ಯವಾಗಿ ಬರುವುದು 110 ವೋಲ್ಟ್, ಮನೆಯ 230 ಅಲ್ಲ. ನಿಮ್ಮ ಚಾರ್ಜರ್ ತಿರುಗಿಸಿ ನೋಡಿ, ಇನ್‌ಪುಟ್ ಎಂದಿರುವ ಕಡೆ 100ರಿಂದ 240 ವೋಲ್ಟ್ ಎಂದು ಅಚ್ಚಾಗಿರುತ್ತದೆ. ಈ ಹರವಿನೊಳಗೆ ಏನೇ ಬಂದರೂ ಒಳ್ಳೆಯ ಚಾರ್ಜರ್ ಅದನ್ನು ಟ್ಯಾಬ್ ಕೇಳಿದಷ್ಟು ವೋಲ್ಟಿಗೆ ಇಳಿಸಿ ಕೊಡುತ್ತದೆ. ಬ್ಯಾಟರಿಗೆ ಹೊರಗಿನ ಕರೆಂಟು ಕಾಣುವುದೇ ಇಲ್ಲ. ಲೋಹದ ಬೆನ್ನಿನ ಟ್ಯಾಬ್ ಮೇಲೆ ಚಾರ್ಜ್ ಆಗುವಾಗ ಬೆರಳು ಮೆಲ್ಲಗೆ ಸವರಿದರೆ ಜುಮ್ಮೆಂದು, ಮೇಲ್ಮೈ ತರಿತರಿಯಾದಂತೆ ಅನ್ನಿಸುತ್ತದಲ್ಲ, ಅದನ್ನೂ ಜನ ಕೆಟ್ಟ ಸಾಕೆಟ್ಟಿನ ಶಾಕ್ ಎಂದು ತಿಳಿಯುತ್ತಾರೆ. ಅರ್ಥ್ ಪಿನ್ನಿಲ್ಲದ ಚಾರ್ಜರಿನಲ್ಲಿ, ವಿದ್ಯುತ್ ಗದ್ದಲ ತಡೆಯಲು ಹಾಕಿದ ಚಿಕ್ಕ ಕೆಪಾಸಿಟರಿನ ಮೂಲಕ ಹಾದುಬರುವ ಅತಿ ಅಲ್ಪ ಕರೆಂಟು ಅದು. ಮನೆಯ ಸಾಕೆಟ್ಟಿನಲ್ಲೂ ಹಾಗೆಯೇ ಆಗುತ್ತದೆ. ಹೆದರಬೇಕಾದ್ದು ನಿಲ್ದಾಣದ ಹೊರಗೆ ನೂರು ರೂಪಾಯಿಗೆ ಸಿಗುವ ಹೆಸರಿಲ್ಲದ ಚಾರ್ಜರಿಗೆ. ಒಳಗಿನ ಬೇರ್ಪಡೆಯೇ ಕಳಪೆಯಾಗಿದ್ದರೆ ಆ ಜುಮ್ಮು ನಿಜವಾದ ಶಾಕ್ ಆಗಬಹುದು. ಭಾರತದಲ್ಲಿ ಮಾರುವ ಚಾರ್ಜರಿಗೆ ಬಿಐಎಸ್ ನೋಂದಣಿ ಕಡ್ಡಾಯ. ಆರ್ ಅಕ್ಷರದಿಂದ ಶುರುವಾಗುವ ಸಂಖ್ಯೆ ಅದರ ಮೈಮೇಲಿದೆಯೇ ಎಂದು ನೋಡಿ ಕೊಳ್ಳಬೇಕು.

ರಾತ್ರಿ ರೈಲಿನ ವಿಷಯ ಬೇರೆಯೇ ತೂಕದ್ದು. 2013ರ ಡಿಸೆಂಬರ್ 28ರ ಬೆಳಗಿನ ಜಾವ, ಬೆಂಗಳೂರಿನಿಂದ ಹೊರಟ ನಾಂದೇಡ್ ಎಕ್ಸ್‌ಪ್ರೆಸ್‌ನ ಎ.ಸಿ. ಬೋಗಿಗೆ ಪುಟ್ಟಪರ್ತಿ ಸಮೀಪದ ಕೊತ್ತಚೆರುವು ಬಳಿ ಬೆಂಕಿ ಬಿದ್ದು 26 ಜನ ಸತ್ತರು. ಆ ದುರಂತದ ನಂತರ, ರಾತ್ರಿ ಹನ್ನೊಂದರಿಂದ ಬೆಳಗಿನ ಐದರವರೆಗೆ ಬೋಗಿಗಳ ಚಾರ್ಜಿಂಗ್ ಸಾಕೆಟ್ಟಿಗೆ ಕರೆಂಟ್ ಕೊಡಬಾರದೆಂದು ರೈಲ್ವೆ ಸುರಕ್ಷತಾ ಆಯುಕ್ತರು 2014ರಲ್ಲಿ ಶಿಫಾರಸು ಮಾಡಿದರು. 2021ರ ಮಾರ್ಚ್‌ನಲ್ಲಿ ಪಶ್ಚಿಮ ರೈಲ್ವೆ ಅದನ್ನು ಬಿಗಿಯಾಗಿ ಜಾರಿಗೆ ತಂದಾಗ ಸುದ್ದಿಯಾಯಿತು. ಎಲ್ಲರೂ ಮಲಗಿರುವಾಗ ತಲೆದಿಂಬಿನ ಕೆಳಗೆ ಬಿಸಿಯಾಗುವ ಫೋನು, ಗಮನಿಸುವವರಿಲ್ಲದ ಕಿಡಿ, ಬಾಗಿಲು ಮುಚ್ಚಿದ ಬೋಗಿ: ಈ ಮೂರೂ ಕೂಡಿದಾಗ ಏನಾಗಬಹುದೆಂದು ತಿಳಿದವರು ಈ ನಿಯಮವನ್ನು ವಿರೋಧಿಸಲಾರರು. ನಾನೂ ವಿರೋಧಿಸುವುದಿಲ್ಲ. ಆದರೆ ಈ ನಿಯಮ ಇರುವುದು ಬೆಂಕಿಯ ಕಾರಣಕ್ಕೆ, ಎಂದರೆ ತಂತಿ, ಸಾಕೆಟ್ಟು, ಬ್ಯಾಟರಿ ಇವುಗಳ ಕಾರಣಕ್ಕೆ. ಆಡಳಿತಕ್ಕೆ ತಿಳಿದಿರುವ ಅಪಾಯ ಯಾವುದು ಎಂಬುದು ಇದರಿಂದಲೇ ಸ್ಪಷ್ಟ. ಹಾಗಿದ್ದ ಮೇಲೆ ಜನರಿಗೆ ಹೇಳಬೇಕಾದ್ದೂ ಅದನ್ನೇ. ರಾತ್ರಿ ಹತ್ತಕ್ಕೆ ರೈಲು ಹತ್ತಿ, ಬೆಳಿಗ್ಗೆ ಇಳಿಯುವಾಗ ಟ್ಯಾಬ್ ತುಂಬಿರುತ್ತದೆ ಎಂದು ನಂಬಿ ಮಲಗುವವರಿಗೆ ಆರು ಗಂಟೆ ಕರೆಂಟಿರುವುದಿಲ್ಲ ಎಂಬ ಮಾಹಿತಿ ಸಾಕೆಟ್ಟಿನ ಮಗ್ಗುಲಲ್ಲೇ, ಅವರು ಓದುವ ಭಾಷೆಯಲ್ಲಿ ಸಿಗಬೇಕು.

ಕಳ್ಳತನದ ಭಯ ಹುಸಿಯಲ್ಲ, ಆದರೆ ಕದಿಯುವುದು ಕೇಬಲ್ಲಲ್ಲ, ಕೈ. ಸಾಕೆಟ್ಟು ಆಸನದಿಂದ ದೂರ, ಕಂಬದ ಹಿಂದೆಯೋ ಬಾಗಿಲ ಪಕ್ಕವೋ ಇದ್ದರೆ, ಚಾರ್ಜಿಗೆ ಹಾಕಿ ಒಂದು ಲೋಟ ಕಾಫಿಗೆ ಹೋಗಿಬರುವಷ್ಟರಲ್ಲಿ ಸಾಧನವೇ ಇರುವುದಿಲ್ಲ. ಫೋನ್ ಹೋದರೆ ಕೇಂದ್ರ ಸರ್ಕಾರದ ಸಿಇಐಆರ್ ಪೋರ್ಟಲಿನಲ್ಲಿ ಐಎಂಇಐ ಸಂಖ್ಯೆ ಕೊಟ್ಟು ಅದನ್ನು ದೇಶದಲ್ಲೆಲ್ಲೂ ಬಳಸದಂತೆ ತಡೆಹಿಡಿಸಬಹುದು. 2023ರಿಂದ ಈ ಸೌಲಭ್ಯ ದೇಶವ್ಯಾಪಿ ಇದೆ. ಸಿಮ್ ಇಲ್ಲದ, ವೈಫೈ ಮಾತ್ರದ ಟ್ಯಾಬಿಗೆ ಐಎಂಇಐ ಎಂಬುದೇ ಇಲ್ಲ. ಅದು ಹೋದರೆ ಈ ದಾರಿಯೂ ಮುಚ್ಚಿದಂತೆ. ಟ್ಯಾಬ್ ಒಯ್ಯುವವರಿಗೆ ಯಾರಾದರೂ ಎಚ್ಚರಿಕೆ ಹೇಳುವುದಾದರೆ ಇದನ್ನು ಹೇಳಬೇಕು: ಹೊರಡುವ ಮೊದಲೇ ಕಳೆದ ಸಾಧನವನ್ನು ಹುಡುಕುವ ಫೈಂಡ್ ಸೌಲಭ್ಯ ಚಾಲೂ ಮಾಡಿ, ಪಿನ್ ಹಾಕಿ, ಚಾರ್ಜ್ ಆಗುವಷ್ಟು ಹೊತ್ತು ಹತ್ತಿರವೇ ಕೂರಿ. ಕೂರಲು ಜಾಗ ಮಾಡಿಕೊಡುವುದು ನಿಲ್ದಾಣ ಕಟ್ಟುವವರ ಕೆಲಸ. ಸಾಕೆಟ್ಟನ್ನು ಗೋಡೆಯ ಮೂಲೆಯಿಂದ ಆಸನದ ತೋಳಿಗೆ ತಂದರೆ ಅರ್ಧ ಕಳ್ಳತನ ತಾನಾಗಿ ನಿಲ್ಲುತ್ತದೆ.

ಹೊರಗೆ ಚಾರ್ಜ್ ಮಾಡುವುದೆಂದರೆ ಬಿಟ್ಟಿ ಕರೆಂಟು ಹೀರುವುದು, ಅದೊಂದು ಸಣ್ಣತನ ಎಂಬ ಭಾವನೆಯೂ ನಮ್ಮಲ್ಲಿ ಕೆಲವರಿಗಿದೆ. 2015ರಲ್ಲಿ ಲಂಡನ್‌ನ ರೈಲಿನಲ್ಲಿ, ಸ್ವಚ್ಛತಾ ಕೆಲಸಕ್ಕೆ ಮೀಸಲಿದ್ದ ಸಾಕೆಟ್ಟಿಗೆ ಫೋನ್ ಸಿಕ್ಕಿಸಿದ ಪ್ರಯಾಣಿಕನನ್ನು ವಿದ್ಯುತ್ ಕದ್ದ ಆರೋಪದ ಮೇಲೆ ಪೊಲೀಸರು ಹಿಡಿದದ್ದೂ ಉಂಟು. ಲೆಕ್ಕ ನೋಡಿ. ಮೇಲಿನ ಐಪ್ಯಾಡನ್ನು ಸೊನ್ನೆಯಿಂದ ತುಂಬಲು, ಪೋಲಾಗುವುದೂ ಸೇರಿ, ಸುಮಾರು 35 ವ್ಯಾಟ್-ಅವರ್ ಬೇಕು. ಒಂದು ಯೂನಿಟ್ಟಿನಲ್ಲಿ ಇಂಥ 28 ಟ್ಯಾಬುಗಳು ತುಂಬುತ್ತವೆ. ಯೂನಿಟ್ಟಿಗೆ ಎಂಟು ರೂಪಾಯಿ ಎಂದಿಟ್ಟುಕೊಂಡರೂ ಒಬ್ಬರ ಪಾಲಿಗೆ ಬರುವುದು ಮೂವತ್ತು ಪೈಸೆಗಿಂತ ಕಡಿಮೆ. ಟಿಕೆಟ್ ಕೊಂಡ ಪ್ರಯಾಣಿಕ ಕುಡಿಯುವ ನೀರಿನಂತೆ, ಶೌಚಾಲಯದಂತೆ ಇದನ್ನೂ ಕೇಳಿ ಪಡೆಯಬೇಕು. ಟಿಕೆಟ್ಟೇ ಫೋನಿನೊಳಗೆ ಇರುವ ಕಾಲದಲ್ಲಿ ಚಾರ್ಜ್ ಮುಗಿದ ಪ್ರಯಾಣಿಕ ಕೈಯಲ್ಲಿ ಟಿಕೆಟ್ಟಿಲ್ಲದವನಂತೆ ನಿಲ್ಲಬೇಕಾಗುತ್ತದೆ.

ಕರ್ನಾಟಕದಲ್ಲಿ ಈ ಪ್ರಶ್ನೆಗೆ ಇನ್ನೊಂದು ಮುಖವಿದೆ. 2021ರಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಪದವಿ, ಎಂಜಿನಿಯರಿಂಗ್, ಪಾಲಿಟೆಕ್ನಿಕ್ ಕಾಲೇಜುಗಳ ಒಂದೂವರೆ ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಟ್ಯಾಬ್ ಹಂಚಿತು. ಸರ್ಕಾರಿ ಕಾಲೇಜಿಗೆ ಬರುವ ಮಕ್ಕಳಲ್ಲಿ ಎಷ್ಟೋ ಜನ ಹಳ್ಳಿಯಿಂದ ಬೆಳಗಿನ ಬಸ್ಸು ಹಿಡಿದು ಬಂದು ಸಂಜೆಯ ಬಸ್ಸಿಗೆ ಮರಳುವವರು. ಬಸ್ ನಿಲ್ದಾಣದ ಕಾಯುವಿಕೆ ಅವರ ದಿನದ ಒಂದು ಭಾಗ. ಊರಿನಲ್ಲಿ ಕರೆಂಟು ಹೋದ ದಿನ ಅವರಿಗೆ ನಿಲ್ದಾಣದ ಸಾಕೆಟ್ಟೇ ಗತಿ. ಟ್ಯಾಬ್ ಕೊಟ್ಟ ಸಮಾಜವೇ ಅವರಿಗೆ ನಿಲ್ದಾಣದಲ್ಲಿ ಚಾರ್ಜ್ ಮಾಡಿದರೆ ಹ್ಯಾಕ್ ಆಗುತ್ತೀರಿ ಎಂದು ಹೇಳುತ್ತದೆ, ಆ ನಿಲ್ದಾಣದ ಸಾಕೆಟ್ಟನ್ನು ಸುಟ್ಟ ಸ್ಥಿತಿಯಲ್ಲೇ ಬಿಟ್ಟಿರುತ್ತದೆ. ಸ್ವಂತ ಕಾರು, ಎರಡೆರಡು ಪವರ್ ಬ್ಯಾಂಕ್ ಇರುವವರಿಗೆ ಬೇಡ ಎನ್ನುವ ಬುದ್ಧಿವಾದ ಪಾಲಿಸುವುದು ಸುಲಭ. ಬಸ್ಸಿಗೆ ಕಾಯುವ ಮಕ್ಕಳ ಪಾಲಿಗೆ ಅದರ ಅರ್ಥ ಆ ದಿನದ ಪಾಠ ತಪ್ಪಿತು ಎಂದು.

ಬ್ಯಾಂಕುಗಳೂ ಪೊಲೀಸರೂ ತಮ್ಮ ಪ್ರಕಟಣೆಯ ವಾಕ್ಯವನ್ನು ಬದಲಿಸಲಿ: ಗೊತ್ತಿಲ್ಲದ ಯುಎಸ್‌ಬಿ ರಂಧ್ರ ಬೇಡ, ಬೇರೆಯವರ ಕೇಬಲ್ ಬೇಡ, ನಿಮ್ಮ ಚಾರ್ಜರಿನಿಂದ ಗೋಡೆಯ ಸಾಕೆಟ್ಟಿನಲ್ಲಿ ನಿಶ್ಚಿಂತೆಯಿಂದ ಚಾರ್ಜ್ ಮಾಡಿ. ನಿಲ್ದಾಣಗಳನ್ನು ನಡೆಸುವವರು ಪ್ರತಿ ಬೋರ್ಡಿಗೂ ಒಂದು ಸಂಖ್ಯೆ ಕೊಟ್ಟು, ಕೆಟ್ಟಾಗ ಕರೆ ಮಾಡಬೇಕಾದ ನಂಬರನ್ನು ಅದರ ಮೇಲೆ ಬರೆಸಲಿ. ಬಾಯಿ ಮುಚ್ಚಿಕೊಳ್ಳುವ ಶಟರ್ ಇರುವ, ಎರಡು ಪಿನ್ನನ್ನೂ ಬಿಗಿಯಾಗಿ ಹಿಡಿಯುವ ಸಾಕೆಟ್ಟು ಹಾಕಿಸಲಿ. ಸೋರಿಕೆಯಾದ ಕೂಡಲೇ ಕರೆಂಟ್ ಕಡಿಯುವ ಬ್ರೇಕರನ್ನು ಆ ಸಾಲಿಗೆ ಜೋಡಿಸಲಿ. ಕಂದು ಕಲೆ ಕಂಡ ಸಾಕೆಟ್ಟನ್ನು ಅಂದೇ ತೆಗೆಯಬೇಕೆಂಬ ಷರತ್ತನ್ನು ನಿರ್ವಹಣೆಯ ಟೆಂಡರಿನಲ್ಲೇ ಬರೆಯಬಹುದು. ತಿಂಗಳಿಗೊಮ್ಮೆ ಎಲೆಕ್ಟ್ರಿಷಿಯನ್ ಒಬ್ಬರು ಒಂದು ಡಬ್ಬಿ ಹೊಸ ಸಾಕೆಟ್ಟು ಹಿಡಿದು ನಿಲ್ದಾಣ ಸುತ್ತಿದರೆ ಆಗುವ ಕೆಲಸ ಇದು.